ಹೊಳಪಿಗೆ ಕೊಡುವ ದುಡ್ಡು ದಂಡವೇ?

ಪ್ರಶ್ನೆ: ನಾವು ಸಿದ್ದಾಪುರ ತಾಲೂಕಿನವರು. ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಮುರುಗಲು ಶರಬತ್ತು ಮಾಡಿ, ಜೊತೆಗೆ ನಮ್ಮ ಪೆಟ್ಟಿಗೆಗಳ ಜೇನುತುಪ್ಪವನ್ನೂ ಸೇರಿಸಿ ಶಿರಸಿ, ಯಲ್ಲಾಪುರದ ಅಂಗಡಿಗಳಿಗೆ ಕೊಡುತ್ತೇವೆ. ಈಗ ಬೆಂಗಳೂರಿಗೂ ಕಳಿಸುವ ಯೋಚನೆ ಇದೆ. ಲೇಬಲ್ಲಿಗೆ ಮ್ಯಾಟ್ ಲ್ಯಾಮಿನೇಶನ್, ಗೋಲ್ಡ್ ಫಾಯಿಲ್, ಸ್ಪಾಟ್ ಯುವಿ ಹಾಕಿಸಿ ಎಂದು ಪ್ರೆಸ್ಸಿನವರು ಹೇಳುತ್ತಿದ್ದಾರೆ. ಖರ್ಚು ಏರುತ್ತದೆ. ಲೇಬಲ್ಲಿನ ಅಂದ ನೋಡಿ ಗಿರಾಕಿ ನಿಜಕ್ಕೂ ಒಳಗಿನ ಮಾಲಿನ ಬಗ್ಗೆ ಅಭಿಪ್ರಾಯ ಬದಲಿಸುತ್ತಾನೆಯೇ?

ಉತ್ತರ: ಬದಲಿಸುತ್ತಾನೆ. ಆದರೆ ನಿಮ್ಮ ಪ್ರೆಸ್ಸಿನವರು ಹೇಳಿದ ಮೂರರಲ್ಲಿ ಎರಡು ನಿಮಗೆ ಸದ್ಯಕ್ಕೆ ಬೇಡ. ಅವರು ಹೇಳದೆ ಬಿಟ್ಟ ಕೆಲವು ಕೆಲಸಗಳು ಮೊದಲು ಬೇಕು.

ಹೊರಮೈ ನೋಡಿ ಒಳಗನ್ನು ಅಳೆಯುವುದು ನಮ್ಮ ಮೂರು ತಾಲೂಕಿನವರಿಗೆ ಯಾರೂ ಕಲಿಸಬೇಕಾದ ವಿದ್ಯೆ ಅಲ್ಲ. ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಕೊಟ್ಟು ಒಣಗಿಸಿದ ರಾಶಿ ಅಡಿಕೆಯನ್ನು ವ್ಯಾಪಾರಿ ಬೊಗಸೆಯಲ್ಲಿ ಎತ್ತಿ ನೋಡುವುದು ಬಣ್ಣ ಮತ್ತು ಮೈಹೊಳಪು. ಯಾವ ಹದದಲ್ಲಿ ಕೊಯ್ದದ್ದು, ಸರಿಯಾಗಿ ಬೆಂದಿದೆಯೇ, ಒಣಗುವಾಗ ಮಳೆಗೆ ಸಿಕ್ಕಿದೆಯೇ ಎಂಬುದನ್ನೆಲ್ಲ ಅಷ್ಟರಿಂದಲೇ ಊಹಿಸಿ ಟೆಂಡರಿನಲ್ಲಿ ದರ ಬರೆಯುತ್ತಾನೆ. ಬಲಿತು ಹಣ್ಣಾದ ಕಾಯಿಗೆ ಎಷ್ಟು ಚೊಗರು ಕೊಟ್ಟರೂ ಅದು ರಾಶಿ ಆಗುವುದಿಲ್ಲ ಎಂಬುದು ಬೆಳೆಗಾರನಿಗೂ ಗೊತ್ತು, ವ್ಯಾಪಾರಿಗೂ ಗೊತ್ತು. ಲೇಬಲ್ಲಿನ ಫಿನಿಶಿಂಗ್ ಕೂಡ ಇಷ್ಟೇ: ಕಾಣದ ಕಡೆ ಎಷ್ಟು ಜತನ ಮಾಡಿದ್ದಾರೆ ಎಂದು ಊಹಿಸಲು ಗಿರಾಕಿಗೆ ಸಿಗುವ ಸುಳಿವು. ಅವನು ನಿಮ್ಮ ಅಡುಗೆಮನೆಗೆ ಬರುವುದಿಲ್ಲ, ಭರಣಿ ತೊಳೆದದ್ದನ್ನು ನೋಡುವುದಿಲ್ಲ. ಓರೆಯಾಗಿ ಅಂಟಿಸಿದ, ಅಂಚು ಎದ್ದ ಲೇಬಲ್ಲನ್ನು ಮಾತ್ರ ನೋಡುತ್ತಾನೆ. ಲೇಬಲ್ಲಿಗೇ ಇಷ್ಟು ಉದಾಸೀನವಾದರೆ ಉಪ್ಪು ಹಾಕುವಾಗ ಹೇಗೋ ಎಂದು ಮನಸ್ಸಿನೊಳಗೇ ಲೆಕ್ಕ ಹಾಕುತ್ತಾನೆ.

ಕೈಗೆ ತಾಗುವುದು ನಾಲಿಗೆಯ ತೀರ್ಪನ್ನೂ ಬದಲಿಸುತ್ತದೆ ಎಂಬುದಕ್ಕೆ ಪ್ರಯೋಗಗಳಿವೆ. ಅರಾಧನಾ ಕೃಷ್ಣ ಮತ್ತು ಮೊರೀನ್ ಮಾರಿನ್ ಎಂಬ ಸಂಶೋಧಕಿಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ನೀರನ್ನು ತೆಳು ಲೋಟದಲ್ಲೂ ಗಟ್ಟಿ ಲೋಟದಲ್ಲೂ ಕೊಟ್ಟರು. ತೆಳು ಲೋಟದ ನೀರಿನ ಗುಣಮಟ್ಟ ಕಡಿಮೆ ಎಂದವರಿದ್ದರು. ತಮಾಷೆ ಎಂದರೆ, ವಸ್ತುಗಳನ್ನು ಮುಟ್ಟಿ ನೋಡುವ ಅಭ್ಯಾಸ ಇದ್ದವರು ಮೋಸಹೋದದ್ದು ಕಡಿಮೆ. ಲೋಟ ಬೇರೆ, ನೀರು ಬೇರೆ ಎಂದು ಅವರು ಬೇರ್ಪಡಿಸಬಲ್ಲವರಾಗಿದ್ದರು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ, ಭಾರದ ಕ್ಲಿಪ್‌ಬೋರ್ಡಿನ ಮೇಲೆ ಇಟ್ಟು ಕೊಟ್ಟ ಅರ್ಜಿಯ ಅಭ್ಯರ್ಥಿ ಹೆಚ್ಚು ಯೋಗ್ಯನಾಗಿ ಕಂಡ ಎಂದಿತ್ತು. ಇಂಥ ಭಾರದ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಅದೇ ಫಲ ಎಲ್ಲ ಕಡೆ ಬಂದಿಲ್ಲ. ಹಾಗಾಗಿ ದಪ್ಪ ಕಾಗದ ಹಾಕಿದರೆ ಮಾರಾಟ ಇಷ್ಟು ಪಾಲು ಏರುತ್ತದೆ ಎಂದು ಯಾರಾದರೂ ಅಂಕಿ ಹೇಳಿದರೆ ನಕ್ಕು ಸುಮ್ಮನಾಗಿ.

ನಮ್ಮದೇ ರಾಜ್ಯದ ಉದಾಹರಣೆ ಬೇಕಾದರೆ ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಶ್ರೀಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. ಸೋಪು ಅದರ ಬೆನ್ನಿಗೇ ಬಂತು. ಅದನ್ನು ರೂಪಿಸಿದ ಎಸ್. ಜಿ. ಶಾಸ್ತ್ರಿಯವರು ಪೆಟ್ಟಿಗೆಯನ್ನು ಒಡವೆಯ ಪೆಟ್ಟಿಗೆಯಂತೆ ಮಾಡಿಸಿದರು. ಹೂಬಳ್ಳಿಯ ಚಿತ್ತಾರ, ಮೇಲೆ ಶರಭದ ಲಾಂಛನ. ಒಳಗಿನ ಸೋಪನ್ನು ತೆಳು ಕಾಗದದಲ್ಲಿ ಸುತ್ತಿದ್ದೂ ಚಿನ್ನದಂಗಡಿಯ ರೀತಿಯಲ್ಲೇ. ಆ ಪೆಟ್ಟಿಗೆಯನ್ನು ತೆರೆಯುವ ಮೊದಲೇ ಗಿರಾಕಿ, ಇದು ದಿನವೂ ಉಜ್ಜಿ ಬಿಸಾಡುವ ಸಾಬೂನಲ್ಲ, ಜೋಪಾನ ಮಾಡಬೇಕಾದ್ದು ಎಂದು ತಿಳಿದುಕೊಂಡ. ಒಳಗೆ ನಿಜವಾದ ಗಂಧದೆಣ್ಣೆ ಇತ್ತು, ಪೆಟ್ಟಿಗೆಯ ಮಾತು ನಿಂತಿತು. ನೂರು ವರ್ಷ ಕಳೆದರೂ ಆ ರೂಪವನ್ನು ಪೂರ್ತಿ ಬದಲಿಸುವ ಧೈರ್ಯ ಯಾರಿಗೂ ಬಂದಿಲ್ಲ.

ಒಳಗೆ ಸರಕು ನಿಲ್ಲದಿದ್ದರೆ? ನೀವು ಜೇನು ಮಾರುವವರು, 2020ರ ಡಿಸೆಂಬರಿನ ಸುದ್ದಿ ಮರೆತಿರಲಾರಿರಿ. ದೆಹಲಿಯ ಸಿಎಸ್‌ಇ ಸಂಸ್ಥೆ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆಗೆ ಕೊಟ್ಟಾಗ ಕಲಬೆರಕೆ ಪತ್ತೆಹಚ್ಚುವ ಎನ್‌ಎಂಆರ್ ಪರೀಕ್ಷೆಯಲ್ಲಿ ಪಾಸಾದದ್ದು 3 ಮಾತ್ರ ಎಂದು ಹೇಳಿತು. ಕಂಪನಿಗಳು ಒಪ್ಪಲಿಲ್ಲ, ಆ ಜಗಳ ಬೇರೆ. ದೇಶದ ದೊಡ್ಡ ಹೆಸರುಗಳೇ ಆ ಪಟ್ಟಿಯಲ್ಲಿದ್ದವು, ಲೇಬಲ್ಲಿನ ಅಂದಕ್ಕೆ ಅಲ್ಲಿ ಕೊರತೆ ಇರಲಿಲ್ಲ. ಅಂದಿನಿಂದ ಜೇನಿನ ಗಿರಾಕಿ ಎರಡು ಸಲ ಯೋಚಿಸುತ್ತಾನೆ, ಅತಿ ಹೊಳಪನ್ನೂ ಅನುಮಾನದಿಂದ ನೋಡುತ್ತಾನೆ. ತುಡುವೆ ಜೇನಿನ ಬಾಟಲಿಗೆ ಚಿನ್ನದ ಅಂಚು, ಉಬ್ಬಿದ ಅಕ್ಷರ, ಹೊಳೆಯುವ ಹನಿಗಳ ಚಿತ್ರ ಎಲ್ಲವನ್ನೂ ಹಾಕಿದರೆ ಅದು ಯಾವುದೋ ಕಾರ್ಖಾನೆಯದು ಎಂದೇ ಕಾಣುತ್ತದೆ. ನಿಮ್ಮ ಬಂಡವಾಳ ಇರುವುದೇ ಅದು ಕಾರ್ಖಾನೆಯದಲ್ಲ ಎಂಬುದರಲ್ಲಿ. ಯಕ್ಷಗಾನದ ಕರಪತ್ರವನ್ನು ಯಾರಾದರೂ ಆರ್ಟ್ ಪೇಪರಿನಲ್ಲಿ ಲ್ಯಾಮಿನೇಶನ್ ಮಾಡಿಸಿ ಹಂಚಿದರೆ ನಾನಂತೂ ಸೈಟು ಮಾರುವವರ ಜಾಹೀರಾತು ಎಂದು ಓದದೇ ಮಡಚಿಡುತ್ತೇನೆ. ಗುಲಾಬಿ ಬಣ್ಣದ ತೆಳು ಕಾಗದ, ದಪ್ಪ ಕಪ್ಪು ಅಕ್ಷರ, ಭಾಗವತರ ಹೆಸರು ಮೇಲೆ: ಆಟಕ್ಕೆ ಅದೇ ಒಪ್ಪುವ ಫಿನಿಶಿಂಗ್.

ಇಷ್ಟು ಪೀಠಿಕೆ. ಈಗ ನಿಜವಾದ ವೈರಿಯ ಮಾತು, ಅಂದರೆ ಮಳೆಗಾಲ. ಮುದ್ರಣಕ್ಕೆ ಹಿತವಾದ ತೇವಾಂಶ ಶೇಕಡಾ 50–55ರ ಆಸುಪಾಸು. ಜೂನ್ ಎರಡನೇ ವಾರದಿಂದ ನಮ್ಮಲ್ಲಿ ಅದು 90 ದಾಟಿ ವಾರಗಟ್ಟಲೆ ಇಳಿಯುವುದಿಲ್ಲ. ಕಾಗದ ತೇವ ಕುಡಿದು ಹಿಗ್ಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಒಂದೇ ಬದಿಗೆ ಲ್ಯಾಮಿನೇಶನ್ ಮಾಡಿದ ಕಾರ್ಡು, ಪುಸ್ತಕದ ರಕ್ಷಾಪುಟ, ಮದುವೆಯ ಕರೆಯೋಲೆ ಆಷಾಢದಲ್ಲಿ ಲ್ಯಾಮಿನೇಶನ್ ಇರುವ ಕಡೆಗೆ ಸುರುಳಿ ಸುತ್ತಿಕೊಳ್ಳುವುದು ಇದರಿಂದಲೇ. ಕಾರ್ಡಾದರೆ ಎರಡೂ ಬದಿಗೆ ಹಾಕಿಸಬೇಕು, ಇಲ್ಲವೇ ಹಾಕಿಸಲೇಬಾರದು. ಇನ್ನೊಂದು ತೊಂದರೆ ಶಾಯಿಯದು. ಆಫ್‌ಸೆಟ್ ಶಾಯಿ ಗಾಳಿಯೊಂದಿಗೆ ಬೆರೆತು ಗಟ್ಟಿಯಾಗಬೇಕು, ಥಂಡಿ ಹವೆಯಲ್ಲಿ ಅದು ನಿಧಾನ. ನೀವು ‘ನಾಳೆಯೇ ಬೇಕು’ ಎಂದು ಅವಸರ ಮಾಡಿದರೆ ಪ್ರೆಸ್ಸಿನವರು ಹಸಿ ಶಾಯಿಯ ಮೇಲೆಯೇ ಫಿಲ್ಮ್ ಎಳೆಯುತ್ತಾರೆ. ಕೆಲವು ದಿನಗಳಲ್ಲಿ ಫಿಲ್ಮಿನಡಿ ಬೆಳ್ಳಿಯಂಥ ಚುಕ್ಕೆಗಳು ಏಳುತ್ತವೆ, ಗಾಢ ಬಣ್ಣದಲ್ಲಿ ಅವು ಎದ್ದು ಕಾಣುತ್ತವೆ. ಬೇಸಿಗೆಯಲ್ಲೇ ವರ್ಷದ ಲೇಬಲ್ ಮುದ್ರಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟುಕೊಳ್ಳುವುದು ಈ ಊರಿಗೆ ತಕ್ಕ ಜಾಣತನ.

ನಿಮ್ಮ ಮೂರು ಸರಕಿಗೆ ಮೂರು ಬಗೆಯ ಕಾಟ. ಉಪ್ಪಿನಕಾಯಿಯ ಎಣ್ಣೆ ಜಿನುಗಿ ಕಾಗದದ ಲೇಬಲ್ಲು ಗಾಜಿನಂತೆ ಪಾರದರ್ಶಕವಾಗುತ್ತದೆ. ಶರಬತ್ತಿನ ಬಾಟಲಿ ಫ್ರಿಜ್ಜಿನಿಂದ ಹೊರಬಂದರೆ ಮೈತುಂಬ ನೀರು. ಜೇನು ಬಾಯಿಯಂಚಿನಿಂದ ಇಳಿದು ಲೇಬಲ್ಲಿಗೆ ಅಂಟಿದರೆ ಅಲ್ಲಿ ಧೂಳು ಕೂರುತ್ತದೆ. ಆದ್ದರಿಂದ ಬಾಟಲಿಗಳಿಗೆ ಕಾಗದ ಬಿಟ್ಟು ಪಾಲಿಪ್ರೊಪಿಲೀನ್ ಸ್ಟಿಕ್ಕರಿಗೆ ಹೋಗಿ. ತೆಳುವಾಗಿರುವುದರಿಂದ ಬಾಟಲಿಯ ಉರುಟು ಮೈಗೆ ಕೂರುತ್ತದೆ. ದಪ್ಪ ಕಾಗದ ಅಂಚಿನಲ್ಲಿ ಏಳುತ್ತದೆ. ಬಾಟಲಿ ತೊಳೆದ ತಕ್ಷಣ ಅಂಟಿಸಬೇಡಿ. ಒದ್ದೆಯ ಮೇಲೆ, ಎಣ್ಣೆಯ ಮೇಲೆ ಎಂಥ ಅಂಟೂ ಹಿಡಿಯುವುದಿಲ್ಲ. ಹೊರಪೆಟ್ಟಿಗೆಗೆ ಮಾತ್ರ ಕಾಗದದ ಬೋರ್ಡು ಇರಲಿ, ಅದಕ್ಕೆ ಪ್ಲಾಸ್ಟಿಕ್ ಫಿಲ್ಮಿನ ಬದಲು ನೀರಿನ ವಾರ್ನಿಶ್ ಸಾಕು. ಫಿಲ್ಮ್ ಹತ್ತಿದ ಕಾಗದವನ್ನು ಮರುಬಳಕೆ ಮಾಡುವುದು ಕಷ್ಟ, ಕಾಡಿನ ಹೆಸರಲ್ಲಿ ಜೇನು ಕೊಳ್ಳುವವರು ಅದನ್ನೂ ಗಮನಿಸುತ್ತಾರೆ. ಅಂದಹಾಗೆ ಕಾಗದ ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ: ಕಾಳಿ ದಂಡೆಯ ದಾಂಡೇಲಿಯಲ್ಲಿರುವ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾದದ್ದು. ಯಲ್ಲಾಪುರದ ನೆರೆಯಲ್ಲೇ ತಯಾರಾದ ಕಾಗದ ಎಲ್ಲೋ ದೂರದಲ್ಲಿ ಅಚ್ಚಾಗಿ, ಮಡಚಿಸಿಕೊಂಡು, ಮತ್ತೆ ಘಟ್ಟ ಹತ್ತಿ ಬರುವುದೂ ಉಂಟು.

ಕನ್ನಡ ಅಕ್ಷರದ ಮಾತು ಬೇರೆಯೇ ಇದೆ, ಡಿಸೈನು ಮಾಡುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ನಮ್ಮ ಲಿಪಿಯಲ್ಲಿ ಕೊಂಬು, ಒತ್ತು, ಸುರುಳಿಗಳು ಹೆಚ್ಚು. ನಾಲ್ಕು ಬಣ್ಣ ಸೇರಿಸಿ ತಂದ ಗಾಢ ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರ ಬಿಟ್ಟರೆ, ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ‘ಪ್ಪ’ದ ಒತ್ತು ತುಂಬಿಹೋಗುತ್ತದೆ, ‘ವ’ ಮತ್ತು ‘ಮ’ ಒಂದೇ ಆಗುತ್ತವೆ. ಗೋಲ್ಡ್ ಫಾಯಿಲಿನಲ್ಲೂ ಅದೇ ಪಾಡು: ಬಿಸಿ ಅಚ್ಚು ಒತ್ತಿದಾಗ ಕಿರಿದಾದ ಸುರುಳಿಗಳ ಕಣ್ಣು ಮುಚ್ಚುತ್ತದೆ. ಪದಾರ್ಥಗಳ ಪಟ್ಟಿ, ತೂಕ, ಬೆಲೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಎಲ್ಲವೂ ತಿಳಿ ಹಿನ್ನೆಲೆಯ ಮೇಲೆ ಬರಿ ಕಪ್ಪು ಶಾಯಿಯಲ್ಲಿರಲಿ. ಪ್ಯಾಕಿಂಗ್ ದಿನಾಂಕ ಒತ್ತುವ ಜಾಗಕ್ಕೆ ವಾರ್ನಿಶ್ಶೂ ಲ್ಯಾಮಿನೇಶನ್ನೂ ಬೇಡ, ಅಲ್ಲೊಂದು ಖಾಲಿ ಚೌಕ ಬಿಡಿಸಿ. ನುಣುಪು ಫಿಲ್ಮಿನ ಮೇಲೆ ಒತ್ತಿದ ದಿನಾಂಕ ಹೆಬ್ಬೆರಳಿಗೆ ಅಳಿಸಿಹೋದರೆ ಗಿರಾಕಿಗೆ ಬರುವ ಅನುಮಾನ ಯಾವ ಚಿನ್ನದ ಗೆರೆಗೂ ತೊಲಗುವುದಿಲ್ಲ. ಬಣ್ಣದ ಆಯ್ಕೆಯಲ್ಲೂ ಒಂದು ಎಚ್ಚರ: ಬಿಸಿಲಿಗೆ ಮೊದಲು ಸೋಲುವವು ಹಳದಿ ಮತ್ತು ಕೆಂಪು. ಅಂಗಡಿ ಮುಂದಿನ ಹಳೆ ಪೋಸ್ಟರುಗಳೆಲ್ಲ ನೀಲಿಗಟ್ಟುವುದು ಅದಕ್ಕೇ. ಮುರುಗಲಿನ ಕೆಂಪನ್ನು ಲೇಬಲ್ಲಿಗೂ ತರುವುದಾದರೆ ಬಿಸಿಲು ತಡೆಯುವ ಶಾಯಿ ಕೇಳಿ. ಇಲ್ಲದಿದ್ದರೆ ಹೋದ ತಿಂಗಳು ಮಾಡಿದ ಶರಬತ್ತೂ ಹಳೆ ಸ್ಟಾಕಿನಂತೆ ಕಾಣುತ್ತದೆ.

ಅಡಿಕೆ ಪುಡಿಯನ್ನೋ ಸುಪಾರಿಯನ್ನೋ ಮುಂದೆ ಸೇರಿಸುವ ಯೋಚನೆ ಇದ್ದರೆ ಇನ್ನೊಂದು ಮಾತು. ‘ಸಿರ್ಸಿ ಸುಪಾರಿ’ಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅರ್ಜಿ ಹಾಕಿದ್ದು 1923ರಿಂದ ನಡೆದುಬಂದ ತೋಟಗಾರ್ಸ್ ಸೇಲ್ ಸೊಸೈಟಿ, ವ್ಯಾಪ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು. ಅಪ್ಪೆಮಿಡಿಗೂ ಜಿಐ ಇದೆ. ಈ ಹೆಸರುಗಳನ್ನು ಲೇಬಲ್ಲಿನಲ್ಲಿ ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ನೋಂದಣಿಯಿಲ್ಲದೆ ಜಿಐ ಲಾಂಛನವನ್ನು ಫಾಯಿಲಿನಲ್ಲಿ ಒತ್ತಿಸುವುದು ಅಂದವೂ ಅಲ್ಲ, ಕಾನೂನೂ ಅಲ್ಲ. ನೋಂದಾಯಿಸಿಕೊಂಡ ಮೇಲೆ ಅದನ್ನು ಮಸುಕಾಗಿ, ಮೂಲೆಯಲ್ಲಿ, ಚುಕ್ಕಿಚುಕ್ಕಿಯಾಗಿ ಅಚ್ಚು ಹಾಕಿಸುವುದೂ ನಷ್ಟವೇ. ಈ ಮಣ್ಣನ್ನು ಕಂಡೇ ಇರದ ದೂರದ ಗಿರಾಕಿಗೆ ಮೂರು ತಾಲೂಕಿನ ಹೆಸರು ಕಾಣುವುದು ಆ ಅಂಗುಲದ ಜಾಗದಲ್ಲಿ.

ಖರ್ಚಿನ ಲೆಕ್ಕಕ್ಕೆ ಬರೋಣ. ಫಾಯಿಲ್, ಎಂಬಾಸಿಂಗ್, ಡೈ ಕಟಿಂಗ್ ಮೂರಕ್ಕೂ ಅಚ್ಚು ಮಾಡಿಸುವ ಖರ್ಚು ಮೊದಲೇ ಬೀಳುತ್ತದೆ. ಹತ್ತು ಸಾವಿರ ಲೇಬಲ್ಲಿಗೆ ಹಂಚಿದರೆ ಅದು ಲೆಕ್ಕಕ್ಕಿಲ್ಲ, ಐನೂರಕ್ಕೆ ಹಂಚಿದರೆ ಕೈ ಸುಡುತ್ತದೆ. ಸ್ಪಾಟ್ ಯುವಿ ಮ್ಯಾಟ್ ಮೈಯ ಮೇಲೆ ಚೆಂದ, ನಿಜ. ಎಣ್ಣೆ ಕೈಯಲ್ಲಿ ಹಿಡಿಯುವ ಉಪ್ಪಿನಕಾಯಿ ಬಾಟಲಿಯ ಮೇಲೆ ಅದರ ಅಂದ ಗಮನಿಸುವವರು ಯಾರು? ದೀಪಾವಳಿಗೆ ಉಡುಗೊರೆ ಪೆಟ್ಟಿಗೆ ಮಾಡುವುದಾದರೆ ಫಾಯಿಲ್ ಹಾಕಿಸಿ, ಅದಕ್ಕೊಂದು ಅರ್ಥವಿದೆ. ಅಲ್ಲಿ ಕೊಳ್ಳುವವನು ಒಬ್ಬ, ತಿನ್ನುವವನು ಇನ್ನೊಬ್ಬ. ಕೊಡುವವನ ಮರ್ಯಾದೆ ಪೆಟ್ಟಿಗೆಯಲ್ಲೇ ಇರುತ್ತದೆ. ಪೆಟ್ಟಿಗೆಯ ಮಡಿಕೆಗೆ ಮೊದಲು ಗೀರು ಹಾಕಿಸಿ, ಕಾಗದದ ಎಳೆಯ ದಿಕ್ಕಿಗೇ ಮಡಿಕೆ ಬರುವಂತೆ ನೋಡಿಕೊಳ್ಳಿ. ಅಡ್ಡಕ್ಕೆ ಮಡಚಿದರೆ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ.

ಹಾಗಾಗಿ ಈ ವರ್ಷ ದುಡ್ಡನ್ನು ಒಳ್ಳೆಯ ಸ್ಟಿಕ್ಕರ್ ಫಿಲ್ಮು, ಗಟ್ಟಿ ಅಂಟು, ನೇರ ಕಟಿಂಗು, ಓದಲು ಬರುವ ಅಕ್ಷರ, ಅಳಿಸದ ದಿನಾಂಕ ಇಷ್ಟಕ್ಕೆ ಹಾಕಿ. ಮ್ಯಾಟ್ ಬೇಕಿದ್ದರೆ ಮ್ಯಾಟ್ ಫಿಲ್ಮಿನ ಸ್ಟಿಕ್ಕರೇ ಸಿಗುತ್ತದೆ, ಬೆರಳ ಗುರುತು ಕಡಿಮೆ ಕೂರುವಂಥದನ್ನು ಕೇಳಿ. ಪೂರ್ತಿ ಆರ್ಡರ್ ಕೊಡುವ ಮೊದಲು ಹತ್ತು ಲೇಬಲ್ ಡಿಜಿಟಲ್‌ನಲ್ಲಿ ತೆಗೆಸಿ ಬಾಟಲಿಗೆ ಅಂಟಿಸಿ. ಒಂದನ್ನು ಫ್ರಿಜ್ಜಿನಲ್ಲಿಡಿ, ಒಂದಕ್ಕೆ ಎಣ್ಣೆ ಕೈ ಒರೆಸಿ, ಒಂದನ್ನು ಬಚ್ಚಲ ಒಲೆಯ ಹತ್ತಿರ ವಾರವಿಡೀ ಬಿಡಿ, ಒಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಇದರಲ್ಲಿ ಸೋತ ಲೇಬಲ್ ಬೆಂಗಳೂರಿನ ಲಾರಿಯಲ್ಲೂ ಸೋಲುತ್ತದೆ. ಬದಲಿಸುವುದಿದ್ದರೆ ಮಳೆ ಹಿಡಿಯುವ ಮೊದಲೇ ಬದಲಿಸಿ, ಬಾಟಲಿಯ ಒಂದು ಮಾದರಿಯನ್ನು ಪ್ರೆಸ್ಸಿನವರ ಮೇಜಿನ ಮೇಲೂ ಇಟ್ಟು ಬನ್ನಿ.