ಸೊಸೈಟಿಗೆ ಹೋಗಿಬರುವಷ್ಟಕ್ಕೆ ಹೆಲ್ಮೆಟ್ಟು ಬೇಕೇ?

ವ್ಯಾಪಾರದ ದಿನ ನಮ್ಮ ಸೊಸೈಟಿಯ ಅಂಗಳದಲ್ಲಿ ನಿಂತ ಮೋಟಾರು ಸೈಕಲ್ಲು, ಸ್ಕೂಟರುಗಳ ಸಾಲನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ವಾಹನಗಳಿಗೆ ಹೆಲ್ಮೆಟ್ಟು ಇದೆ. ಆದರೆ ಅದು ಕನ್ನಡಿಗೆ ನೇತುಬಿದ್ದಿರುತ್ತದೆ, ಇಲ್ಲವೇ ಮಡಿಲ ಮುಂದೆ ಪೆಟ್ರೋಲ್ ಟಾಂಕಿಯ ಮೇಲೆ ಕೂತು ಬಂದಿರುತ್ತದೆ. ಹೆದ್ದಾರಿಯಲ್ಲಿ ಪೋಲೀಸರು ನಿಲ್ಲುವ ತಿರುವಿಗೆ ಸ್ವಲ್ಪ ಮುಂಚೆ ತಲೆಗೆ ಏರುತ್ತದೆ, ಒಳದಾರಿಗೆ ತಿರುಗಿದೊಡನೆ ಇಳಿಯುತ್ತದೆ. ತಲೆಗಿಂತ ದಂಡಕ್ಕಾಗಿ ಹೆಲ್ಮೆಟ್ಟು ಎಂಬ ಲೆಕ್ಕ ಇದು.

ಕಳೆದ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲಿ ಇದೇ ಮಾತು ಬಂತು. ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಮರಳಿ ತೋಟ ಹಿಡಿದ ಯುವ ಸದಸ್ಯರೊಬ್ಬರು, ಹೆಲ್ಮೆಟ್ಟು ಒಂದೇ ಸಾಲದು, ಜಾಕೀಟು, ಕೈಗವಸು, ಬೂಟು, ಮೊಣಕಾಲಿನ ಕವಚ ಎಲ್ಲವನ್ನೂ ಧರಿಸದೆ ಗಾಡಿ ಹತ್ತಲೇಬಾರದು ಎಂದು ವಾದಿಸಿದರು. ಹಿರಿಯರೊಬ್ಬರು ನಕ್ಕು, "ತಮಾ, ಮಳೆಗಾಲದಲ್ಲಿ ನಮ್ಮ ಕಂಬಳಿಯೇ ಒಣಗುವುದಿಲ್ಲ, ನಿನ್ನ ಚರ್ಮದ ಕೋಟು ಎಲ್ಲಿ ಒಣಗಬೇಕು?" ಎಂದರು. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ನಿಂತಿತು. ಆದರೆ ಇದು ನಕ್ಕು ಬಿಡುವ ವಿಷಯವಲ್ಲ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ.

ನಾವೇ ಬಿದ್ದ ಕತೆಯನ್ನು ಮೊದಲು ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ, ಆರ್ದ್ರೆ ಮಳೆ ಹಿಡಿದಿದ್ದ ದಿನಗಳು. ಕೊಳೆರೋಗದ ಮೊದಲ ಔಷಧ ಹೊಡೆದು ಮುಗಿದಿತ್ತು. ಎರಡನೆಯ ಸಲಕ್ಕೆಂದು ಮೈಲುತುತ್ತದ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು ಮನೆಗೆ ಹೊರಟಿದ್ದೆವು. ಕಾಲಲ್ಲಿ ಹವಾಯಿ ಚಪ್ಪಲಿ, ಹೆಲ್ಮೆಟ್ಟು ಕನ್ನಡಿಗೆ. ಮನೆಗೆ ಇನ್ನು ಅರ್ಧ ಮೈಲಿಯೂ ಇರಲಿಲ್ಲ. ತೋಟದ ಇಳಿಜಾರಿನಲ್ಲಿ ಪಾಚಿಗಟ್ಟಿದ ಸಿಮೆಂಟು ದಾರಿಯ ಮೇಲೆ ಮುಂದಿನ ಚಕ್ರ ಜಾರಿತು. ವೇಗವೆಂದರೆ ಸೈಕಲ್ಲಿನಷ್ಟು, ಹೆಚ್ಚಿಲ್ಲ. ತಲೆ ಬಿದ್ದದ್ದು ಕೆಸರಿಗೆ. ಎರಡು ಮೊಳ ಆಚೆಗೆ ಚಿರೆಕಲ್ಲಿನ ಕಟ್ಟೆ ಇತ್ತು. ಹೆಗಲಿನ ಮುಂದಿನ ಮೂಳೆ ಮುರಿಯಿತು, ಕಾಲಿನ ಎರಡು ಬೆರಳಿನ ಉಗುರು ಕಿತ್ತುಹೋಯಿತು.

ಡಾಕ್ಟರು ಆರು ವಾರ ಕೈ ಎತ್ತಬಾರದೆಂದರು. ಬೋರ್ಡೋ ದ್ರಾವಣದ ಎರಡನೆಯ ಸಿಂಪರಣೆಗೆ ೪೦-೪೫ ದಿವಸದ ಅಂತರ ಎಂಬುದು ಓದುಗರಿಗೆ ಗೊತ್ತು. ನಮ್ಮ ಆರು ವಾರ ಸರಿಯಾಗಿ ಅದರ ಮೇಲೆಯೇ ಬಂದು ಕೂತಿತು. ಔಷಧ ಹೊಡೆಯುವವರು ಆ ದಿನಗಳಲ್ಲಿ ಯಾರಿಗೂ ಸಿಗುವುದಿಲ್ಲ. ಸಿಕ್ಕರೂ ದ್ರಾವಣ ಕೂಡಿಸಿ, ಪೈಪು ಹಿಡಿದು, ಜೊತೆಗೆ ನಿಲ್ಲಲು ಮನೆಯ ಒಬ್ಬ ಜನ ಬೇಕು. ಆ ವರ್ಷ ಕೆಳಗಿನ ತುಂಡಿನಲ್ಲಿ ಉದುರಿದ ಕಾಯಿಯನ್ನು ಹೆಕ್ಕಲಿಕ್ಕೂ ನಮ್ಮಿಂದ ಆಗಲಿಲ್ಲ. ಒಂದೆರಡು ಎಕರೆಯ ತೋಟಗಾರನಿಗೆ ಬೀಳುವುದೆಂದರೆ ಆಸ್ಪತ್ರೆಯ ಖರ್ಚಿನ ಜೊತೆ ಒಂದು ವರ್ಷದ ಬೆಳೆಯೂ ಹೋದಂತೆ.

ಈಗ ಪೆಟ್ಟಿನ ಲೆಕ್ಕವನ್ನು ನೋಡೋಣ. ಅಡಿಕೆ ಮರದ ಎತ್ತರ ನಮಗೆಲ್ಲ ಕಣ್ಣಳತೆಯಲ್ಲೇ ಗೊತ್ತು. ಹತ್ತು ಮೀಟರು, ಅಂದರೆ ಸುಮಾರು ೩೩ ಅಡಿ ಎತ್ತರದ ಮರದ ತುದಿಯಿಂದ ಕೈತಪ್ಪಿ ಬಿದ್ದವನು ನೆಲ ಮುಟ್ಟುವಾಗ ಅವನ ವೇಗ ಗಂಟೆಗೆ ೫೦ ಕಿಲೋಮೀಟರು. ೪೦ ಕಿಲೋಮೀಟರು ವೇಗವೆಂದರೆ ೨೦ ಅಡಿಯ ಮರ. ೬೦ ಎಂದರೆ ೪೬ ಅಡಿ. ಕೊನೆ ಕೊಯ್ಯುವವನು ಕಾಲಿಗೆ ಹಗ್ಗದ ಕುಣಿಕೆ ಇಲ್ಲದೆ ಮರಕ್ಕೆ ಕೈ ಹಚ್ಚುವುದಿಲ್ಲ. ಅದೇ ಎತ್ತರದಷ್ಟು ವೇಗದಲ್ಲಿ ನಾವು ಬರಿತಲೆಯಲ್ಲಿ ಹೆದ್ದಾರಿಯ ಮೇಲೆ ಹೋಗುತ್ತೇವೆ. ಬಿದ್ದವರೆಲ್ಲ ನೇರವಾಗಿ ಗೋಡೆಗೆ ಬಡಿಯುವುದಿಲ್ಲ, ಬಹಳ ಮಂದಿ ರಸ್ತೆಯ ಮೇಲೆ ಜಾರಿಕೊಂಡು ಹೋಗುತ್ತಾರೆ, ನಿಜ. ಆದರೆ ನಿಂತ ಗಾಡಿಯಿಂದ ಪಕ್ಕಕ್ಕೆ ಬಿದ್ದರೂ ಐದಡಿ ಮೇಲಿನ ತಲೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ೨೦ ಕಿಲೋಮೀಟರಿನ ಹತ್ತಿರ ಬಂದಿರುತ್ತದೆ. 'ನಿಧಾನ ಹೋಗುತ್ತೇನೆ' ಎಂಬ ಸಮಾಧಾನ ತಲೆಯ ಮಟ್ಟಿಗೆ ಸಲ್ಲದು.

ಹೆಲ್ಮೆಟ್ಟು ಏನು ಮಾಡುತ್ತದೆ? ಸಿಪ್ಪೆಸಹಿತ ತೆಂಗಿನಕಾಯಿ ಮರದಿಂದ ಬಿದ್ದರೆ ಒಡೆಯುವುದು ಅಪರೂಪ. ಸುಲಿದ ಕಾಯಿಯನ್ನು ಸೊಂಟದ ಎತ್ತರದಿಂದ ಕಲ್ಲಿನ ಮೇಲೆ ಬಿಟ್ಟರೆ ಎರಡು ಹೋಳು. ನಡುವಿನ ನಾರು ತಾನು ಅಮುಕಿಕೊಂಡು ಪೆಟ್ಟನ್ನು ನುಂಗುತ್ತದೆ. ಹೆಲ್ಮೆಟ್ಟಿನ ಹೊರಗಿನ ಗಟ್ಟಿ ಚಿಪ್ಪಿನ ಒಳಗೆ ಇರುವ ಬಿಳಿಯ ಥರ್ಮೋಕೋಲಿನಂಥ ಪದರದ ಕೆಲಸ ಅದೇ. ಅದು ಕುಗ್ಗುವ ಆ ಅರೆಕ್ಷಣದಲ್ಲಿ ತಲೆ ಒಮ್ಮೆಲೇ ನಿಲ್ಲದೆ ತಡೆದು ನಿಲ್ಲುತ್ತದೆ. ಒಮ್ಮೆ ಕುಗ್ಗಿದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದಲೇ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಕೆಲಸಕ್ಕೆ ಬಾರದು. ನಾನಾ ದೇಶಗಳ ಅಧ್ಯಯನಗಳನ್ನು ಕೂಡಿಸಿ ೨೦೦೮ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ಟು ಸಾವಿನ ಸಂಭವವನ್ನು ಶೇಕಡಾ ೪೨ರಷ್ಟು, ತಲೆಯ ಪೆಟ್ಟನ್ನು ಶೇಕಡಾ ೬೯ರಷ್ಟು ಕಡಿಮೆ ಮಾಡುತ್ತದೆ. ಹೆಲ್ಮೆಟ್ಟಿನ ಭಾರಕ್ಕೆ ಕುತ್ತಿಗೆ ಮುರಿಯುತ್ತದೆ ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಅದಕ್ಕೆ ಆಧಾರ ಸಿಕ್ಕಿಲ್ಲ.

ಈ ಅರಿವು ಹುಟ್ಟಿದ್ದೂ ಒಂದು ಹಳ್ಳಿ ದಾರಿಯಿಂದಲೇ. ೧೯೩೫ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಯೋಧ, ಲೇಖಕ ಟಿ. ಇ. ಲಾರೆನ್ಸ್ ತನ್ನ ಮನೆಯ ಹತ್ತಿರದ ಕಿರುದಾರಿಯಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ಬರಿತಲೆ. ಆರು ದಿನಕ್ಕೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಸೈನ್ಯದ ಮೋಟಾರು ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಭ್ಯಸಿಸಿ ೧೯೪೧ರಲ್ಲಿ ಬರೆದರು. ಅದೇ ವರ್ಷ ಬ್ರಿಟಿಷ್ ಸೈನ್ಯ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು.

'ಇಲ್ಲೇ ಸೊಸೈಟಿಗೆ ಹೋಗಿ ಬಂದೆ' ಎನ್ನುವವರಿಗೆ ಇನ್ನೊಂದು ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹ್ಯಾರಿ ಹರ್ಟ್ ಎಂಬವರ ತಂಡ ಸುಮಾರು ೯೦೦ ಮೋಟಾರು ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ೧೯೮೧ರಲ್ಲಿ ವರದಿ ಕೊಟ್ಟಿತು. ಹೆಚ್ಚಿನ ಅಪಘಾತಗಳು ದೂರಪ್ರಯಾಣದಲ್ಲಿ ಆಗಿರಲಿಲ್ಲ. ಅಂಗಡಿಗೆ, ಗೆಳೆಯರ ಮನೆಗೆ, ಸಣ್ಣಪುಟ್ಟ ಕೆಲಸಕ್ಕೆ ಹೊರಟ ಸ್ವಲ್ಪ ಹೊತ್ತಿನಲ್ಲೇ ಆಗಿದ್ದವು. ದೂರ ಹೋಗುವಾಗ ಮನುಷ್ಯ ಎಚ್ಚರವಾಗಿರುತ್ತಾನೆ, ಪರಿಚಯದ ದಾರಿಯಲ್ಲಿ ಮನಸ್ಸು ಧಾರಣೆಯ ಮೇಲೋ ದನದ ಮೇಲೋ ಇರುತ್ತದೆ.

ನಮ್ಮ ಭಟ್ಕಳ, ಹೊನ್ನಾವರ, ಕುಮಟೆಯವರಿಗೆ ಇದರ ಮೇಲೆ ಒಂದು ಪ್ರತ್ಯೇಕ ಕಾರಣವೂ ಇದೆ. ಕೈಕಾಲು ಮುರಿದರೆ ಹತ್ತಿರದಲ್ಲಿ ಕಟ್ಟು ಹಾಕಿಸಿಕೊಳ್ಳಬಹುದು. ತಲೆಯ ಒಳಗೆ ರಕ್ತ ಸೋರಿದರೆ ನಾವು ಹಿಡಿಯುವುದು ಮಣಿಪಾಲದ, ಮಂಗಳೂರಿನ ಇಲ್ಲವೇ ಹುಬ್ಬಳ್ಳಿಯ ದಾರಿ. ಭಟ್ಕಳದಿಂದ ಮಣಿಪಾಲ ಸುಮಾರು ೯೦ ಕಿಲೋಮೀಟರು. ಕುಮಟೆಯಿಂದ ಸುಮಾರು ೧೫೦. ೨೦೨೨ರ ಜುಲೈ ೨೦ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಮಳೆನೀರಿಗೆ ಜಾರಿ ಉರುಳಿ ನಾಲ್ಕು ಜನ ತೀರಿಕೊಂಡದ್ದು ಯಾರಿಗೂ ಮರೆತಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆ ತಿಂಗಳು ಜೋರಾಗಿ ಎದ್ದಿತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ತಲೆಗೆ ಪೆಟ್ಟಾದವನಿಗೆ ಮೊದಲ ಒಂದೆರಡು ಗಂಟೆ ಮುಖ್ಯ, ಆ ಹೊತ್ತು ನಮ್ಮಲ್ಲಿ ದಾರಿಯ ಮೇಲೆಯೇ ಕಳೆಯುತ್ತದೆ. ಪಟ್ಟಣದವನು ಒಂದು ವೇಳೆ ಅಲಕ್ಷ್ಯ ಮಾಡಿದರೂ ನಾವು ಮಾಡುವಂತಿಲ್ಲ.

ಆದುದರಿಂದ ಹೆಲ್ಮೆಟ್ಟಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಗಾಡಿಗೆ ಕಾಲು ಹಾಕುವಾಗಲೆಲ್ಲ, ಗೇಟಿನಿಂದ ರಸ್ತೆಯವರೆಗಾದರೂ, ಪಟ್ಟಿ ಬಿಗಿದ ಹೆಲ್ಮೆಟ್ಟು ತಲೆಯ ಮೇಲಿರಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ಟು ಪೆಟ್ಟಿಗೆ ಮುಂಚೆಯೇ ಹಾರಿಹೋಗುತ್ತದೆ.

ಉಳಿದ ಉಡುಪಿನ ಮಾತು ಬೇರೆ. ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ ಬಿದ್ದ ೨೧೨ ಸವಾರರನ್ನು ವಿಚಾರಿಸಿದ ಅಧ್ಯಯನವೊಂದು ೨೦೧೧ರಲ್ಲಿ ಬಂತು. ಸವಾರಿಗೆಂದೇ ಮಾಡಿದ ಜಾಕೀಟು, ಪ್ಯಾಂಟು, ಕೈಗವಸು ಹಾಕಿದವರು ಆಸ್ಪತ್ರೆ ಸೇರುವುದು ಕಡಿಮೆಯಾಗಿತ್ತು. ಚರ್ಮ ಕಿತ್ತುಹೋಗುವುದನ್ನು ಅವು ಚೆನ್ನಾಗಿ ತಡೆದಿದ್ದವು. ಮೂಳೆ ಮುರಿಯುವುದನ್ನು ಅಷ್ಟಾಗಿ ತಡೆಯಲಿಲ್ಲ. ಘಟ್ಟ ಹತ್ತಿ ಇಳಿಯುವವರು, ದೇವಿಮನೆಯಾಗಿ ಶಿರಸಿಗೋ, ಗೇರುಸೊಪ್ಪೆಯಾಗಿ ಸಾಗರಕ್ಕೋ, ಕೋಗಾರಿನ ದಾರಿಯಲ್ಲೋ ಹೋಗುವವರು, ಘಟ್ಟದ ಮೇಲಿನ ಕಾಫಿ ತೋಟದ ಸದಸ್ಯರು, ಅಂಥ ಜಾಕೀಟು ಕೊಂಡರೆ ಹಣ ದಂಡವಾಗದು. ಚಳಿಗೂ ಆಯಿತು. ಆದರೆ ಕರಾವಳಿಯ ಸೆಕೆಯಲ್ಲಿ ಪೇಟೆಗೆ ಹೋಗಿ ಬರಲು ಅದನ್ನು ಎಲ್ಲರೂ ಹಾಕಬೇಕೆಂದರೆ ಯಾರೂ ಹಾಕುವುದಿಲ್ಲ. ಆಗದ ನಿಯಮ ಹೇಳಿ ಆಗುವ ನಿಯಮವನ್ನೂ ಕೆಡಿಸುವುದರಲ್ಲಿ ಅರ್ಥವಿಲ್ಲ. ಮೊದಲು ಪಾದ, ಆಮೇಲೆ ಅಂಗೈ ಎಂಬುದು ನಮ್ಮ ಎಣಿಕೆ. ಬೀಳುವವನು ಮೊದಲು ಊರುವುದು ಅವೆರಡನ್ನೇ. ಹವಾಯಿ ಚಪ್ಪಲಿಯ ಬದಲು ಹಿಮ್ಮಡಿ ಮುಚ್ಚುವ ಪಾದರಕ್ಷೆ, ದಪ್ಪ ಬಟ್ಟೆಯ ಉದ್ದ ತೋಳಿನ ಅಂಗಿ, ಪ್ಯಾಂಟು, ಸಾಧ್ಯವಾದರೆ ಕೈಗವಸು: ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಪಂಚೆ ಎತ್ತಿ ಕಟ್ಟಿ ಹೋಗುವವನ ಮೊಣಕಾಲಿಗೂ ಡಾಂಬರಿಗೂ ನಡುವೆ ಏನೂ ಇಲ್ಲ.

ಅಪಾಯ ತರುವ ಉಡುಪೂ ಇದೆ. ಗಾಳಿಗೆ ಹಾರುವ ಸಡಿಲ ಮಳೆಕೋಟು, ಹಿಂದೆ ಕೂತವರ ಸೆರಗು, ಚೂಡಿದಾರದ ವೇಲು ಚಕ್ರಕ್ಕೆ ಸಿಕ್ಕರೆ ಗತಿಯೇನು? ಸೀರೆ ಗಾರ್ಡನ್ನು ಬಿಚ್ಚಿಸಿ ಅದರ ಜಾಗದಲ್ಲಿ ಹುಲ್ಲುಹೊರೆ ಕಟ್ಟಲು ಕೊಕ್ಕೆ ಹಾಕಿಸಿದವರನ್ನು ನಾವು ಬಲ್ಲೆವು. ಹಿಂದೆ ಕೂತು ಕೊಡೆ ಬಿಡಿಸುವ ಅಭ್ಯಾಸವಂತೂ ನಮ್ಮ ಕರಾವಳಿಗೆ ಅಂಟಿದ ಶನಿ. ಶರಾವತಿ ಸೇತುವೆಯ ಮೇಲಿನ ಗಾಳಿಯಲ್ಲಿ ಕೊಡೆ ಮಗುಚಿದರೆ ಕೊಡೆಯೊಂದಿಗೆ ಕೊಡೆ ಹಿಡಿದವರೂ ಹೋಗುತ್ತಾರೆ.

ಕಾನೂನಿನ ವಿಷಯ ಚುಟುಕಾಗಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಕಲಮು ಕೇಳುವುದು ತಲೆಯ ರಕ್ಷಣೆಯನ್ನು ಮಾತ್ರ; ಕೋಟು, ಬೂಟು ಅದರಲ್ಲಿಲ್ಲ. ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ಟು ಬೇಕೆಂದು ೨೦೧೬ರ ಜನವರಿಯಲ್ಲಿ ಆಜ್ಞೆಯಾಯಿತು. ೨೦೧೯ರ ತಿದ್ದುಪಡಿ ದಂಡವನ್ನು ೧೦೦೦ ರೂಪಾಯಿಗೆ ಏರಿಸಿತು, ರಾಜ್ಯ ಸರಕಾರ ಅದನ್ನು ೫೦೦ಕ್ಕೆ ಇಳಿಸಿತು. ಮೂರು ತಿಂಗಳು ಲೈಸೆನ್ಸು ಅಮಾನತಾಗುವ ಕಲಮು ಇದ್ದೇ ಇದೆ. ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ, ೪೦ ಕಿಲೋಮೀಟರಿನ ಮಿತಿ ೨೦೨೩ರ ಫೆಬ್ರವರಿಯಿಂದ ಜಾರಿಯಲ್ಲಿವೆ. ಟಾಂಕಿಯ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ಪೇಟೆ ತೋರಿಸುವ ಅಜ್ಜಂದಿರು ಇದನ್ನು ಗಮನಿಸಬೇಕು.

ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿರಿ. ೨೦೨೧ರ ಜೂನ್ ೧ರಿಂದ ಆ ಗುರುತಿಲ್ಲದ್ದನ್ನು ಮಾಡುವುದೂ ಮಾರುವುದೂ ನಿಷಿದ್ಧ. ರಸ್ತೆಬದಿಯ ಅಗ್ಗದ ಟೊಪ್ಪಿಗೆ ಒಳಗೆ ಬರಿಯ ಸ್ಪಂಜು ಇದ್ದರೆ ಅದು ಹಾಳೆ ಟೊಪ್ಪಿಗಿಂತ ಹೆಚ್ಚಿನದಲ್ಲ; ಹಾಳೆ ಟೊಪ್ಪಿ ಹೊರೆ ಹೊರಲಿಕ್ಕಾದರೂ ಆದೀತು. ಗದ್ದವನ್ನೂ ಮುಚ್ಚುವಂಥದು ಉತ್ತಮ. ತಲೆಗೆ ಬಿಗಿಯಾಗಿ ಕೂರಬೇಕು. ಪಟ್ಟಿ ಕಟ್ಟಿ ತಲೆ ಅಲ್ಲಾಡಿಸಿದರೆ ಜೊತೆಗೇ ಅಲ್ಲಾಡಬೇಕು.

ನಮ್ಮವರು ಹೆಲ್ಮೆಟ್ಟನ್ನು ದೂರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಒಳಗಿನ ಬಟ್ಟೆ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ಬಟ್ಟೆ ಬಿಚ್ಚಲು ಬರುವಂಥದನ್ನು ಕೊಂಡು ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ತೊಳೆಯಿರಿ, ತಲೆಗೆ ತೆಳುವಾದ ಹತ್ತಿಯ ವಸ್ತ್ರ ಕಟ್ಟಿಕೊಳ್ಳಿರಿ. ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೋ ಅಡಿಕೆ ಒಣಗಿಸುವ ಗೂಡಿಗೋ ಇಡಬೇಡಿರಿ, ಒಳಪದರ ಬಿಸಿಗೆ ಕುಗ್ಗುತ್ತದೆ. ಪೆಟ್ರೋಲು, ಬಣ್ಣದ ಥಿನ್ನರು ತಾಗಿದರೂ ಹಾಳು. ಗಾಜಿನ ಒಳಬದಿಗೆ ಸಾಬೂನು ತೆಳ್ಳಗೆ ಸವರಿ ಒಣಬಟ್ಟೆಯಲ್ಲಿ ಒರೆಸಿದರೆ ಉಸಿರಿನ ಮಂಜು ಕೂರುವುದಿಲ್ಲ. ಗೀಚುಬಿದ್ದ ಗಾಜು ರಾತ್ರಿ ಎದುರಿನ ದೀಪಕ್ಕೆ ಕಣ್ಣು ಕಟ್ಟುತ್ತದೆ, ಗಾಜನ್ನಷ್ಟೇ ಬದಲಿಸಿದರೆ ಸಾಕು.

ದಾರಿಯಲ್ಲಿ ಬಿದ್ದವರನ್ನು ಕಂಡರೆ ನೀರು ಕುಡಿಸುವ, ಹೆಲ್ಮೆಟ್ಟು ಜಗ್ಗಿ ತೆಗೆಯುವ ಅವಸರ ಬೇಡ. ಕುತ್ತಿಗೆಗೆ ಪೆಟ್ಟಾಗಿದ್ದರೆ ಜಗ್ಗಿದಾಗಲೇ ಕೆಡುವುದು. ತಲೆಯನ್ನು ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದು ೧೦೮ಕ್ಕೆ ಫೋನು ಮಾಡಿಸಿರಿ. ಉಸಿರಾಟ ಕಟ್ಟಿದಂತೆ ಕಂಡರೆ ಮಾತ್ರ ಒಬ್ಬರು ಕುತ್ತಿಗೆಗೆ ಆಸರೆ ಕೊಟ್ಟು, ಇನ್ನೊಬ್ಬರು ಪಟ್ಟಿ ಬಿಚ್ಚಿ ನಿಧಾನಕ್ಕೆ ತೆಗೆಯಬೇಕು.

ಹೆಲ್ಮೆಟ್ಟನ್ನು ಮಳೆಯಲ್ಲಿ ಎಲ್ಲಿಡುವುದು ಎಂದು ಸದಸ್ಯರು ಕೇಳಿದ್ದುಂಟು. ಗೋದಾಮಿನ ಜಗಲಿಯ ಗೋಡೆಗೆ ಈ ಮಳೆಗಾಲದ ಮುಂಚೆ ಗೂಟದ ಸಾಲು ಹೊಡೆಸಿದ್ದೇವೆ. ತೂಕದ ಸರದಿ ಬರುವ ತನಕ ಅಲ್ಲಿ ತೂಗುಹಾಕಬಹುದು. ಹೊರಡುವಾಗ ಅವರವರದನ್ನೇ ತೆಗೆದುಕೊಂಡು ಹೋಗಬೇಕೆಂದು ವಿನಂತಿ. ಕಪ್ಪು ಬಣ್ಣದವು ಒಂದರಂತೆ ಒಂದು ಕಾಣುವುದರಿಂದ ಒಳಗೆ ಹೆಸರು ಬರೆದಿಟ್ಟರೆ ಒಳ್ಳೆಯದು.