ಬೆಲೆ, ವಯಸ್ಸು ಮತ್ತು ಸಿಗರೇಟಿನ ಲೆಕ್ಕ

ಪ್ರಶ್ನೆ: ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ವೂಲ್ಡ್ರಿಜ್ ಅವರ ಪಠ್ಯಪುಸ್ತಕದಲ್ಲಿರುವ 807 ಅಮೆರಿಕನ್ನರ ಅಂಕಿಅಂಶ ಇಟ್ಟುಕೊಂಡು, ದಿನಕ್ಕೆ ಎಷ್ಟು ಸಿಗರೇಟು ಸೇದುತ್ತಾರೆ ಎಂಬುದರ ಮೇಲೆ ರಿಗ್ರೆಷನ್ ಮಾಡಿದೆ. ಬೆಲೆಗೆ ಪರಿಣಾಮವೇ ಕಾಣಲಿಲ್ಲ. ಆರ್-ಸ್ಕ್ವೇರ್ ಬರೀ 0.053. ಎಲ್ಲಿ ತಪ್ಪಿದೆ? ಸೆಮಿನಾರಿಗೆ ಹೋಗಲು ಭಯವಾಗುತ್ತಿದೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ಪುಸ್ತಕದಲ್ಲೂ ಇದೇ ಉತ್ತರವಿದೆ. ಬೆಲೆ ಏರಿದರೆ ಸೇದುವುದು ಇಳಿಯುತ್ತದೆಂದು ಓದಿಕೊಂಡು ಬಂದವರಿಗೆ ಇದನ್ನು ಕಂಡು ದಿಗಿಲಾಗುವುದು ಸಹಜ.

ಲಾಗ್ ರೂಪದ ಬೆಲೆಯ ಗುಣಾಂಕ (ಬೆಲೆ ಬದಲಾದಾಗ ಸೇದುವುದು ಎಷ್ಟು ಬದಲಾಗುತ್ತದೆ ಎಂಬ ಅಂದಾಜು) −0.751. ಅದರ ಸ್ಟ್ಯಾಂಡರ್ಡ್ ಎರರ್ (ಆ ಅಂದಾಜು ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ) 5.773. ಎರಡನ್ನೂ ಒಟ್ಟಿಗೆ ಓದಿ: ಬೆಲೆ ಶೇ 10 ಏರಿದರೆ ದಿನಕ್ಕೆ ಒಂದಕ್ಕಿಂತ ತುಸು ಹೆಚ್ಚು ಸಿಗರೇಟು ಕಡಿಮೆಯಾಗಬಹುದು, ಒಂದರಷ್ಟು ಹೆಚ್ಚಲೂಬಹುದು. ಹಾಗಾಗಿ ಬೆಲೆಗೆ ಪರಿಣಾಮವಿಲ್ಲ ಎಂದು ಬರೆಯಬೇಡಿ. ಈ ಅಂಕಿಗಳಿಂದ ಅದು ತಿಳಿಯುತ್ತಿಲ್ಲ ಎಂದು ಬರೆಯಿರಿ.

ಕಾರಣವೂ ಇದೆ. ಇಲ್ಲಿರುವುದು ಆಯಾ ರಾಜ್ಯದ ಬೆಲೆ. ಒಂದು ರಾಜ್ಯದವರಿಗೆಲ್ಲ ಒಂದೇ. ಆ ಸಮೀಕ್ಷೆಯ ಕಾಲದಲ್ಲಿ ರಾಜ್ಯ ರಾಜ್ಯಗಳ ನಡುವೆಯೂ ಪ್ಯಾಕಿಗೆ ಸಾಮಾನ್ಯವಾಗಿ ಕೆಲವೇ ಸೆಂಟುಗಳ ಅಂತರವಿತ್ತು. ಬೆಲೆಯೇ ಹೆಚ್ಚು ಅಲುಗಾಡದಿದ್ದರೆ ಅದರ ಪ್ರಭಾವ ಹೇಗೆ ಕಂಡೀತು? ಶ್ರೀಮಂತ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ಬಳಕೆ ಸುಮಾರು ಶೇ 4 ಇಳಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೇದದವರೂ ಸೇರಿ ನಿಮ್ಮ 807 ಜನರ ಸರಾಸರಿ ದಿನಕ್ಕೆ ಸುಮಾರು 8.7. ಅದರ ಶೇ 4 ಎಂದರೆ ಒಂದು ಸಿಗರೇಟಿನ ಮೂರನೇ ಒಂದು ಭಾಗ. ನಿಮ್ಮ ಫಲಿತಾಂಶದೊಳಗೆ ಅದಕ್ಕೆ ಧಾರಾಳವಾಗಿ ಜಾಗವಿದೆ. ಸೆಮಿನಾರಿನಲ್ಲಿ ಇದನ್ನೇ ಧೈರ್ಯವಾಗಿ ಹೇಳಿ.

ಆರ್-ಸ್ಕ್ವೇರ್ (ಜನರ ನಡುವಿನ ವ್ಯತ್ಯಾಸದಲ್ಲಿ ಲೆಕ್ಕಕ್ಕೆ ಸಿಕ್ಕ ಪಾಲು) ಚಿಕ್ಕದೆಂದು ಕೊರಗಬೇಡಿ. ಚಟದ ಹಿಂದೆ ಅಳೆಯದೆ ಉಳಿದದ್ದು ಬಹಳ. ಹೋಟೆಲುಗಳಲ್ಲಿ ನಿರ್ಬಂಧವಿದ್ದ ರಾಜ್ಯದವರು ಸುಮಾರು ಮೂರು ಸಿಗರೇಟು ಕಡಿಮೆ ಸೇದುತ್ತಿದ್ದರು ಎಂಬುದು ಸ್ಪಷ್ಟವಾಗಿಯೇ ಬಂದಿದೆಯಲ್ಲ! ಅಲ್ಲಿ ಮಾತ್ರ ಎಚ್ಚರ: ಮೊದಲೇ ಕಡಿಮೆ ಸೇದುವ ರಾಜ್ಯಗಳೇ ಅಂಥ ಕಾನೂನು ತಂದಿರಬಹುದು.

ಪ್ರಶ್ನೆ: ಸೇದುವುದು 43ನೇ ವಯಸ್ಸಿನವರೆಗೆ ಏರಿ ಆಮೇಲೆ ಇಳಿಯುತ್ತದೆ ಎಂದು ಮಗಳ ಪುಸ್ತಕದಲ್ಲಿದೆಯಂತೆ. ನಮ್ಮ ಯಜಮಾನರಿಗೆ 46. ಇನ್ನೂ ದಿನಕ್ಕೆ ಹತ್ತು. ಇನ್ನು ಬಿಡುವುದೇ ಇಲ್ಲವೇ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ, ಅಮ್ಮಾ. ಆದರೆ ಆ 43 ಯಾರೊಬ್ಬರ ಬದುಕಿನ ಗಡುವೂ ಅಲ್ಲ. ಮೇಲೆ ಹೇಳಿದ 807 ಅಮೆರಿಕನ್ನರಲ್ಲಿ, ಒಂದೇ ಕಾಲದಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಕೇಳಿ ತೆಗೆದ ಸರಾಸರಿ ಅದು. ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಲ್ಲ. ನಿಮ್ಮ ಯಜಮಾನರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಜನರನ್ನು ಹಾಗೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಬ್ರಿಟನ್ನಿನ ವೈದ್ಯರನ್ನು 1951ರಿಂದ 50 ವರ್ಷ ಗಮನಿಸಿದ್ದು. ಬಿಡದೆ ಸೇದಿದವರಿಗಿಂತ 40ರಲ್ಲಿ ಬಿಟ್ಟವರಿಗೆ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರಿಗೆ 6, 60ರಲ್ಲಿ ಬಿಟ್ಟವರಿಗೂ 3 ವರ್ಷ ಹೆಚ್ಚು ಆಯುಸ್ಸು ಸಿಕ್ಕಿತ್ತು. 46 ತಡವಲ್ಲ.

ಸಿಗರೇಟು ಪ್ಯಾಕಿನ ಮೇಲೇ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಯಜಮಾನರ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿ ವಿಷಯ ಎತ್ತಿ. ಫೋನು ಅವರೇ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ.