ಭಯದ ಕಥೆಯನ್ನು ಕೂಡಿ ಆಡುವ ಬಗೆ

ದೆವ್ವದ ಕಥೆ ಕೇಳದೆ ದೊಡ್ಡವರಾದವರು ನಮ್ಮಲ್ಲಿ ಇರಲಾರರು. ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ, ಮುತ್ಯಾ ಹೇಳಿದ್ದನ್ನು ಕೇಳಿ, ನೀರು ಕುಡಿಯಲು ಕೆಳಗಿಳಿಯುವುದಕ್ಕೂ ಅಂಜಿದವರೇ ನಾವೆಲ್ಲ. ಅಲ್ಲಿ ಒಬ್ಬರು ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಕೇಳುವವರೇ ಕಥೆಯೊಳಗಿನ ಜನರಾಗಿ, ‘ನಾನು ಬಾಗಿಲು ತೆರೆಯುತ್ತೇನೆ’, ‘ನಾನು ತೆರೆಯಗೊಡುವುದಿಲ್ಲ’ ಎಂದು ಕಥೆಯನ್ನು ತಾವೇ ನಡೆಸಿಕೊಂಡು ಹೋಗುವ ಆಟವೊಂದುಂಟು. ಅದನ್ನು ಆಡಿಸುವ ಬಗೆಯೇ ಈ ಪಾಠದ ವಿಷಯ. ಬೇಕಾದ ಸಾಮಗ್ರಿ ಇಷ್ಟೇ: ಒಂದು ಮೇಜು, ನಾಲ್ಕೈದು ಜನ, ನಾಲ್ಕು ನಾಣ್ಯ, ಒಂದು ಹಿಡಿ ಹುಣಸೆ ಬೀಜ, ಕಾಗದ, ಪೆನ್ಸಿಲು, ಮೂರು ಗಂಟೆ ಬಿಡುವು.

ಇದರಿಂದ ಲಾಭವೇನೆಂದು ಕೇಳಬಹುದು. ಕೆಲಸಕ್ಕಾಗಿ ಈ ಊರಿಗೆ ಬಂದ ನಾವು ಒಂದೇ ಕೋಣೆಯಲ್ಲಿ ಐದಾರು ಜನ ಇರುತ್ತೇವೆ. ಪಾಳಿ ಮುಗಿಸಿ ಬಂದವನು ಮೊಬೈಲು ಹಿಡಿದು ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಆರು ತಿಂಗಳು ಜೊತೆಗಿದ್ದರೂ ಒಬ್ಬನ ಮನಸ್ಸು ಇನ್ನೊಬ್ಬನಿಗೆ ತಿಳಿದಿರುವುದಿಲ್ಲ. ಈ ಆಟದಲ್ಲಿ ಎಲ್ಲರೂ ಮಾತನಾಡಲೇಬೇಕು, ಎಲ್ಲರ ಮಾತನ್ನೂ ಎಲ್ಲರೂ ಕೇಳಲೇಬೇಕು. ಅದು ಸಣ್ಣ ಲಾಭವಲ್ಲ.

ಆಟದ ಹುಟ್ಟು

ಇಂದಿನ ರೂಪದ ಆಟ ಅಮೆರಿಕದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಒಬ್ಬನು ಸೂತ್ರಧಾರ, ಅವನು ಸ್ಥಳವನ್ನೂ ಸಂದರ್ಭವನ್ನೂ ವರ್ಣಿಸುತ್ತಾನೆ. ಉಳಿದವರು ಪಾತ್ರಧಾರಿಗಳು; ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಆಗುವುದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಕನ್ನಡಿಗರಿಗೆ ಇದು ತೀರ ಹೊಸತಲ್ಲ. ಕಾಸರಗೋಡು ಮತ್ತು ಕರಾವಳಿಯ ಕಡೆಯ ತಾಳಮದ್ದಳೆಯನ್ನು ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಗಿಂದಾಗಲೇ ಮಾತು ಬೆಳೆಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಹೆಸರಾದದ್ದು ಹೀಗೆ ಬರೆದಿಡದ ಮಾತಿನಿಂದಲೇ. ಭೇದ ಒಂದೇ. ಅಲ್ಲಿ ವಾಲಿ ಸಾಯುವುದು ನಿಶ್ಚಿತ. ನಮ್ಮ ಆಟದಲ್ಲಿ ಕೊನೆ ಏನೆಂಬುದು ಸೂತ್ರಧಾರನಿಗೂ ತಿಳಿದಿರಬಾರದು.

‘ಗಾಥಿಕ್’ ಕಥೆ ಎಂದರೇನು?

ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ 1764ರ ಕೊನೆಗೆ ‘ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಕಾದಂಬರಿ ಪ್ರಕಟಿಸಿದನು. ಅನ್ಯಾಯದಿಂದ ಬಂದ ಕೋಟೆಯಲ್ಲಿ ಒಂದು ಮನೆತನ. ಮದುವೆಯ ದಿನವೇ ಮೇಲಿಂದ ರಾಕ್ಷಸಾಕಾರದ ಶಿರಸ್ತ್ರಾಣ ಬಿದ್ದು ಮದುಮಗ ಸಾಯುತ್ತಾನೆ. ಎರಡನೆಯ ಮುದ್ರಣದಲ್ಲಿ ಅದಕ್ಕೆ ‘ಗಾಥಿಕ್ ಕಥೆ’ ಎಂಬ ಹೆಸರೂ ಸೇರಿತು. ಮುಂದೆ ಈ ಜಾತಿಯ ಕಥೆಗಳಿಗೆಲ್ಲ ಅದೇ ಹೆಸರಾಯಿತು. 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಗಳು ಇದನ್ನು ಮೇಜಿನ ಆಟಕ್ಕೆ ತಂದು ‘ರೇವನ್‌ಲಾಫ್ಟ್’ ಬರೆದರು. ಅದರಲ್ಲಿ ಸ್ಟ್ರಾಡ್ ಎಂಬ ರಕ್ತ ಹೀರುವ ದೊರೆ. ತಾನು ಮೋಹಿಸಿದ ಹೆಣ್ಣಿಗಾಗಿ ತಮ್ಮನನ್ನು ಅವನ ಮದುವೆಯ ದಿನವೇ ಕೊಂದವನು. ಆಟದೊಳಗೆ ಶಕುನದ ಎಲೆಗಳನ್ನು ಹಾಕಿ, ದೊರೆಯ ಉದ್ದೇಶವೇನು, ಅವನನ್ನು ಎದುರಿಸುವ ವಸ್ತುಗಳು ಎಲ್ಲಿವೆ ಎಂದು ನಿರ್ಣಯಿಸುವುದರಿಂದ ಒಂದು ಸಲ ಆಡಿದಂತೆ ಇನ್ನೊಂದು ಸಲ ಇರುವುದಿಲ್ಲ.

ಎರಡೂ ಕಥೆಗಳಲ್ಲಿ ಇರುವುದು ಮೂರು: ಹಳೆಯ ಕಟ್ಟಡ, ಅದರೊಳಗೆ ಮುಚ್ಚಿಟ್ಟ ಹಳೆಯ ಅನ್ಯಾಯ, ಅದರ ಫಲ ಉಣ್ಣುತ್ತಿರುವ ಇಂದಿನ ಜನ. ದೆವ್ವವೆಂಬುದು ಆ ಅನ್ಯಾಯ ಮಾತನಾಡುವ ಬಗೆ ಅಷ್ಟೇ.

ಸ್ಥಳವನ್ನು ಹುಡುಕಲು ವಿಲಾಯತಿಗೆ ಹೋಗಬೇಕಾಗಿಲ್ಲ. ರಜೆಯ ದಿನ ಗೋಲ್ಕೊಂಡಕ್ಕೆ ಹೋದವರು ಫತೇ ದರವಾಜದ ಕೆಳಗೆ ಚಪ್ಪಾಳೆ ತಟ್ಟಿಯೇ ಇರುತ್ತೀರಿ. ಅದು ಸುಮಾರು ಒಂದು ಕಿಲೋಮೀಟರು ದೂರದ ಬಾಲಾ ಹಿಸ್ಸಾರಿಗೆ ಕೇಳಿಸುತ್ತದೆ. 1687ರಲ್ಲಿ ಔರಂಗಜೇಬನ ಸೈನ್ಯ ಎಂಟು ತಿಂಗಳು ಮುತ್ತಿದರೂ ಬೀಳದ ಆ ಕೋಟೆ, ಒಳಗಿನವನೊಬ್ಬ ರಾತ್ರಿ ಬಾಗಿಲು ತೆರೆದುದರಿಂದ ಬಿದ್ದಿತು. ಇನ್ನು ನೀವೇ ಕಲ್ಪಿಸಿರಿ: ಮೇಲೆ ಕಾವಲಿನವನು ಒಬ್ಬನೇ ಇದ್ದಾನೆ, ಕೆಳಗೆ ಯಾರೂ ಇಲ್ಲ, ಚಪ್ಪಾಳೆ ಕೇಳಿಸುತ್ತದೆ.

ಒಂದು ಮಾದರಿ

ನಮ್ಮ ಕಡೆಯ ಮಾದರಿಯೊಂದನ್ನು ಕೊಡುತ್ತೇನೆ. ಕಥೆ ಕಲ್ಪಿತ. ಭೀಮಾ ತೀರದ ಒಂದು ಹಳ್ಳಿ, 1928ರ ಮಳೆಗಾಲ. ಹೊಳೆ ಬಂದು ದಾರಿ ನಿಂತಿದೆ. ನಾಲ್ವರು ದೇಸಾಯರ ಹಳೆಯ ವಾಡೆಯಲ್ಲಿ ತಂಗುತ್ತಾರೆ: ಸಾಲೆಯ ಮಾಸ್ತರ, ದವಾಖಾನೆಯ ಕಂಪೌಂಡರ, ಬಟ್ಟೆ ಗಂಟಿನ ವ್ಯಾಪಾರಿ, ವಾಡೆಯ ಮಾರಾಟಕ್ಕೆ ಸಾಮಾನಿನ ಪಟ್ಟಿ ಬರೆಯಲು ಬಂದ ಗುಮಾಸ್ತ. ಮನೆಯಲ್ಲಿ ಇರುವವರು ದೇಸಾಯರ ವಂಶದ ಒಬ್ಬ ಮುದುಕಿ ಮತ್ತು ಅವರ ಮೊಮ್ಮಗಳು. ವಾಡೆ ಮಾರಿದರೆ ಮಾತ್ರ ಹುಡುಗಿಯ ಮದುವೆ.

ಮುಚ್ಚಿಟ್ಟ ಅನ್ಯಾಯ ಹೀಗೆ. 1876–78ರ ಮಹಾಕ್ಷಾಮದಲ್ಲಿ ಆ ಮನೆಯ ಮೂರು ಹಗೇವುಗಳಲ್ಲಿ ಜೋಳ ತುಂಬಿತ್ತು. ಬೆಲೆ ಏರಲೆಂದು, ಹಗೇವು ಬರಿದಾಗಿವೆ ಎಂದು ಕಿರ್ದಿಯಲ್ಲಿ ಬರೆಯುವಂತೆ ಅಂದಿನ ದೇಸಾಯಿ ತನ್ನ ಗುಮಾಸ್ತನಿಗೆ ಅಪ್ಪಣೆ ಮಾಡಿದ. ಗುಮಾಸ್ತ ಇದ್ದುದನ್ನೇ ಬರೆದ. ಅದರ ಕೆಳಗೆ ಊರಿನಲ್ಲಿ ಹಸಿವಿನಿಂದ ಸತ್ತವರ ಹೆಸರುಗಳನ್ನೂ ಬರೆದ. ಆ ರಾತ್ರಿ ಅವನೂ ಕಿರ್ದಿಯೂ ಹಗೇವಿನೊಳಗೆ ಹೋದರು. ಮೇಲೆ ಕಲ್ಲು ಬಿತ್ತು.

ಈಗ ರಾತ್ರಿಯಾದರೆ ನೆಲದ ಕೆಳಗೆ ಲೇಖನಿ ಗೀಚುವ ಸಪ್ಪಳ. ಬೆಳಗಾದರೆ ಹೊಸ ಗುಮಾಸ್ತನ ಪಟ್ಟಿಯಲ್ಲಿ ಅವನು ಬರೆಯದ ಒಂದು ಸಾಲು, ಮಸಿ ಇನ್ನೂ ಆರಿಲ್ಲ: ‘ಜೋಳ, ಮೂರು ಹಗೇವು, ತುಂಬಿದೆ.’

ಆಡುವಾಗ ಮಾತು ಹೀಗೆ ನಡೆಯುತ್ತದೆ:

ಸೂತ್ರಧಾರ: ಕಲ್ಲು ಸರಿಯಿತು. ಹಳೆಯ ಜೋಳದ ಮುಗ್ಗು ವಾಸನೆ. ಏನು ಮಾಡುತ್ತೀರಿ?

ಕಂಪೌಂಡರ: ಮೊದಲ ಕಂದೀಲು ಇಳಸ್ತೀನ್ರಿ.

ಸೂತ್ರಧಾರ: ಎರಡಾಳುದ್ದ ಇಳಿಯುವಷ್ಟರಲ್ಲಿ ಕಂದೀಲು ಆರಿತು. ಬರೆಯುವ ಸಪ್ಪಳ ಮಾತ್ರ ನಿಲ್ಲಲಿಲ್ಲ.

ಕಂದೀಲು ಆರುವುದು ನಿಜದ ಸಂಗತಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಪ್ರಾಣವಾಯು ತೀರುತ್ತದೆ, ಇಂಗಾಲದ ಡೈ ಆಕ್ಸೈಡು ತುಂಬುತ್ತದೆ. ದೀಪವೂ ಉಳಿಯದು, ಮನುಷ್ಯನೂ ಉಳಿಯನು. ಹತ್ತು ನಿಜದ ಸಂಗತಿ ಹೇಳಿದರೆ ಹನ್ನೊಂದನೆಯ ಸುಳ್ಳನ್ನು ಕೇಳುವವರು ನಂಬುತ್ತಾರೆ. ಇದು ಸೂತ್ರಧಾರನ ಮೊದಲ ಗುಟ್ಟು.

ಆಟದ ನಿಯಮ

1. ಪ್ರತಿಯೊಬ್ಬನೂ ಅರ್ಧ ಹಾಳೆಯಲ್ಲಿ ತನ್ನ ಪಾತ್ರದ ಹೆಸರು, ಕಸುಬು, ಚೆನ್ನಾಗಿ ಬರುವ ಒಂದು ಕೆಲಸ, ಒಂದು ಅಂಜಿಕೆ ಬರೆಯಲಿ.

2. ಸಂದೇಹವಿರುವ ಕೆಲಸಕ್ಕೆ ಮಾತ್ರ ನಾಲ್ಕು ನಾಣ್ಯ ಚಿಮ್ಮಿರಿ. ಸಿಂಹದ ಮುಖ ಎರಡಾದರೂ ಬಿದ್ದರೆ ಕೆಲಸವಾಯಿತು. ಚೆನ್ನಾಗಿ ಬರುವ ಕೆಲಸವಾದರೆ ಒಂದು ಬಿದ್ದರೂ ಸಾಕು. ಬಹು ಕಷ್ಟದ್ದಾದರೆ ಮೂರು ಬೇಕು. ನಾಲ್ಕು ನಾಣ್ಯ ಬೀಳುವ ಬಗೆ 16. ಅವುಗಳಲ್ಲಿ ಗೆಲ್ಲುವ ಬಗೆ ಕ್ರಮವಾಗಿ 11, 15 ಮತ್ತು 5.

3. ಒಬ್ಬೊಬ್ಬರಿಗೆ ಐದು ಹುಣಸೆ ಬೀಜ. ಅದು ಧೈರ್ಯ. ಭಯಂಕರವಾದುದು ಎದುರಾದಾಗ ಒಂದು ಬೀಜ ಹೋಯಿತು. ಎಲ್ಲವೂ ಮುಗಿದರೆ ಹಾಳೆಯಲ್ಲಿ ಬರೆದ ಅಂಜಿಕೆ ಆ ಪಾತ್ರವನ್ನು ಆಳುತ್ತದೆ. (1981ರಲ್ಲಿ ಸ್ಯಾಂಡಿ ಪೀಟರ್ಸನ್ ರಚಿಸಿದ ‘ಕಾಲ್ ಆಫ್ ಕ್ತುಲು’ ಆಟದಲ್ಲಿ ಬುದ್ಧಿಯ ಸ್ಥಿಮಿತಕ್ಕೆ ಇಂಥದೇ ಲೆಕ್ಕವುಂಟು.) ಜೊತೆಗಾರನೊಬ್ಬ ತನ್ನ ಬೀಜವನ್ನು ಕೊಟ್ಟು ಕಾಪಾಡಬಹುದು. ಈ ಕೊಡುವಿಕೆಯನ್ನು ಮರೆಯದೆ ಆಟದಲ್ಲಿ ಇಡಿರಿ.

ಸೂತ್ರಧಾರನ ಕೆಲಸ

ದೆವ್ವವನ್ನು ಬೇಗ ತೋರಿಸಬಾರದು. ಮೊದಲು ಸಪ್ಪಳ, ಆಮೇಲೆ ಗುರುತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ದನಿ ಏರಿಸಬೇಡಿ, ಇಳಿಸಿರಿ. ಜನ ತಾವೇ ಮುಂದಕ್ಕೆ ಬಾಗುತ್ತಾರೆ. ಸುಮ್ಮನೆ ಕುಳಿತವನನ್ನು ಪಾತ್ರದ ಹೆಸರಿನಿಂದ ಕೂಗಿ, ‘ಮಾಸ್ತರರೇ, ನಿಮಗೆ ಏನು ಕೇಳಿಸುತ್ತದೆ?’ ಎಂದು ಕೇಳಿರಿ. ಅವನು ಹೇಳಿದ್ದು ಕಥೆಯಲ್ಲಿ ನಿಜವಾಗಲಿ.

ಎಲ್ಲಕ್ಕಿಂತ ಮುಖ್ಯವಾದುದು ಕೊನೆಗೆ ಒಂದು ಕಠಿಣ ನಿರ್ಧಾರವನ್ನು ಅವರ ಮುಂದೆ ಇಡುವುದು. ಸತ್ತ ಗುಮಾಸ್ತನಿಗೆ ಬೇಕಾದದ್ದು ಕಿರ್ದಿಯನ್ನು ಊರ ಮುಂದೆ ಓದುವುದು. ಮುದುಕಿ ಕೈಮುಗಿದು, ‘ಓದಬ್ಯಾಡ್ರಿ ಯಪ್ಪಾ, ಕೊಳ್ಳುವವರು ಓಡಿಹೋಗ್ತಾರ, ಈ ಹುಡುಗಿ ಏನು ತಪ್ಪು ಮಾಡ್ಯಾಳ?’ ಎನ್ನುತ್ತಾಳೆ. ಬೆಳಗಾಗುವುದರೊಳಗೆ ತೀರ್ಮಾನವಾಗಬೇಕು. ಹಗೇವಿನಲ್ಲಿ ಆದ ಭಯ ಈ ಹೊತ್ತಿನ ಭಯದ ಮುಂದೆ ಏನೂ ಅಲ್ಲ. ಏಕೆಂದರೆ ಇಲ್ಲಿ ತಪ್ಪು ಮಾಡುವವರು ನಾವೇ ಆಗಬಹುದು. ‘ಇಲ್ಲದ್ದನ್ನು ಬರೆ’ ಎಂಬ ಮಾತು ಲೆಕ್ಕ ಬರೆಯುವ ನಮ್ಮಂಥವರ ಕಿವಿಗೆ ಎಂದಾದರೂ ಬೀಳದೆ ಇರುವುದಿಲ್ಲ. ಅಂದು ಏನು ಹೇಳುವೆನೆಂಬುದನ್ನು ಸಂಬಳ ಹೋಗುವ ಹೆದರಿಕೆಯಿಲ್ಲದೆ ಯೋಚಿಸಲು ಇದು ಒಳ್ಳೆಯ ಜಾಗ.

ನಮ್ಮ ವಾಚನಾಲಯದಲ್ಲಿ ಇದನ್ನು ಆಡಿದಾಗ, ಗೋದಾಮಿನಲ್ಲಿ ಮೂಟೆ ಎಣಿಸುವ ಹುಡುಗನೊಬ್ಬ ಎರಡು ಗಂಟೆ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಅವನೇ, ‘ಊರ ಮುಂದ ಓದೋದು ಆಮ್ಯಾಲ. ಮೊದಲ ಅವ್ವಾರ ಮುಂದ ಓದೋಣು. ಅವರಿಗೂ ಯಾರೂ ಹೇಳಿಲ್ಲಲ್ಲ’ ಎಂದ. ನಾನು ಬರೆದುಕೊಂಡ ಕಾಗದದಲ್ಲಿ ಈ ದಾರಿ ಇರಲಿಲ್ಲ. ಮುದುಕಿ ಹೆಸರುಗಳನ್ನೆಲ್ಲ ಕೇಳಿ, ತಾನೇ ಕಿರ್ದಿ ಹಿಡಿದು ಚಾವಡಿಗೆ ನಡೆದಳು. ಇಂಥ ಮಾತು ಬಂದಾಗ ಸೂತ್ರಧಾರ ಕಾಗದವನ್ನು ಮಡಚಿ ಕಿಸೆಗೆ ಹಾಕಬೇಕು.

ಮರ್ಯಾದೆ

ಯಾರ ಜಾತಿಯನ್ನಾಗಲಿ ದೇವರನ್ನಾಗಲಿ ಭಯದ ವಸ್ತು ಮಾಡಬಾರದು. ಕುಳಿತವರ ಮನೆಯಲ್ಲಿ ಇತ್ತೀಚೆಗೆ ಆದ ಸಾವನ್ನು ಕಥೆಗೆ ಎಳೆಯಬಾರದು. ಅಮೆರಿಕದ ಜಾನ್ ಸ್ಟಾವ್ರೊಪೌಲೋಸ್ ಎಂಬವರು ಒಂದು ಒಳ್ಳೆಯ ಪದ್ಧತಿ ತಂದಿದ್ದಾರೆ: ಮೇಜಿನ ಮೇಲೆ ಗುಣಾಕಾರದ ಗುರುತಿನ ಚೀಟಿ ಇರುತ್ತದೆ, ಯಾರಿಗಾದರೂ ಸಹಿಸಲಾಗದಿದ್ದರೆ ಅದನ್ನು ಮುಟ್ಟಿದರೆ ಸಾಕು, ಆ ಭಾಗವನ್ನು ಬಿಟ್ಟು ಮುಂದೆ ಹೋಗುವುದು. ಕಾರಣ ಕೇಳುವಂತಿಲ್ಲ. ನಾವು ಚೀಟಿಯ ಬದಲು ಅಂಗೈಯನ್ನು ಮೇಜಿನ ಮೇಲೆ ಬೋರಲು ಇಡುತ್ತೇವೆ. ರಾತ್ರಿ ಪಾಳಿಯವನು ಒಬ್ಬನೇ ಕತ್ತಲೆಯಲ್ಲಿ ಕೆಲಸಕ್ಕೆ ಹೋಗಬೇಕೆಂಬುದನ್ನೂ ನೆನಪಿಡಿ. ಕಡೆಯ ಬಸ್ಸಿಗೆ ಅರ್ಧ ಗಂಟೆ ಮೊದಲೇ ಆಟ ನಿಲ್ಲಿಸಿ, ಎಲ್ಲ ದೀಪ ಹಾಕಿ, ಚಹ ಕುಡಿದು, ಪಾತ್ರದ ಹೆಸರು ಬಿಟ್ಟು ಸ್ವಂತ ಹೆಸರಿನಿಂದ ಒಬ್ಬರನ್ನೊಬ್ಬರು ಮಾತನಾಡಿಸಿ ಹೊರಡಿರಿ.

ಅಭ್ಯಾಸ

1. ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ಐದು ವಾಕ್ಯಗಳಲ್ಲಿ ವರ್ಣಿಸಿರಿ. ದೆವ್ವ ಎಂಬ ಶಬ್ದ ಬರಕೂಡದು.

2. ಅಲ್ಲಿ ನಡೆದಿರಬಹುದಾದ ಒಂದು ಅನ್ಯಾಯವನ್ನು ಕಲ್ಪಿಸಿರಿ. ಅದರಿಂದ ಇಂದು ಉಣ್ಣುತ್ತಿರುವವರು ಯಾರು?

3. ಸತ್ತವರಿಗೂ ಇರುವವರಿಗೂ ನ್ಯಾಯವಾಗುವ ದಾರಿ ಇದೆಯೆ? ಇದಕ್ಕೆ ಮಾತ್ರ ಉತ್ತರ ಬರೆಯಬೇಡಿ. ಮೇಜಿನ ಸುತ್ತ ಕುಳಿತವರನ್ನು ಕೇಳಿರಿ.